ಜೋಗದ ತುದಿಯಿಂದ ಫೋಟೋ: ಶೂ ಕೇಳಿದವರಿಗೆ

ಜುಲೈನಲ್ಲಿ ಜೋಗಕ್ಕೆ ಹೋಗಿ, ರಾಜಾ ಧಾರೆ ಬೀಳುವ ಬಂಡೆಯ ತುದಿಯಿಂದ ಕೆಳಗಿನ ಫೋಟೋ ತೆಗೆಯಬೇಕು, ಯಾವ ಶೂ ಒಳ್ಳೆಯದು ಅಂತ ಕೇಳಿದ್ದೀರಿ. ಯಾವ ಶೂನೂ ಸಾಲದು, ದಯವಿಟ್ಟು ಅಲ್ಲಿಗೆ ಹೋಗಬೇಡಿ. ಮಳೆಗಾಲದಲ್ಲಿ ಆ ಬಂಡೆ ಮೇಲೆ ತೆಳ್ಳಗೆ ಪಾಚಿ ಕಟ್ಟಿರುತ್ತದೆ, ಕಣ್ಣಿಗೆ ಬರೀ ಒದ್ದೆ ಕಲ್ಲಿನ ಹಾಗೆ ಕಾಣುತ್ತದೆ, ಕಾಲಿಟ್ಟರೆ ಸೋಪಿನ ಹಾಗೆ ಜಾರುತ್ತದೆ. ಕೆಳಗೆ 253 ಮೀಟರ್. ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ಬಿಟ್ಟರೆ ಹೊಳೆ ಏರುವುದಕ್ಕೆ ಜಾಸ್ತಿ ಹೊತ್ತು ಬೇಡ.

ಇನ್ನೊಂದು ಮಾತು, ಫೋಟೋ ದೃಷ್ಟಿಯಿಂದಲೂ ಆ ಜಾಗ ಅಷ್ಟು ಚೆನ್ನಾಗಿಲ್ಲ. ನೇರ ಕೆಳಗೆ ನೋಡಿ ತೆಗೆದರೆ ಆಳ ಚಪ್ಪಟೆಯಾಗುತ್ತದೆ, ಬಿಳಿ ಮಂಜು ಬಿಟ್ಟು ಏನೂ ಬರುವುದಿಲ್ಲ. ಎತ್ತರ ಗೊತ್ತಾಗಬೇಕಾದರೆ ಪಕ್ಕದಿಂದ ನೋಡಬೇಕು, ಅಲ್ವಾ? ಎದುರಿನ ವ್ಯೂ ಪಾಯಿಂಟ್‌ನಲ್ಲಿ ಕಂಬಿಯ ಈಚೆ ಟ್ರೈಪಾಡ್ ನಿಲ್ಲಿಸಿ, ದೂರದ್ದನ್ನು ಹತ್ತಿರ ತರುವ 70-200 ಜೂಮ್ ಲೆನ್ಸ್ ಹಾಕಿ, ರಾಜಾನ ನೆತ್ತಿಯನ್ನೂ ಅದರ ಮೇಲಿನ ಮರಗಳನ್ನೂ ಒಂದೇ ಫ್ರೇಮಿಗೆ ತನ್ನಿ. ಆ ಮರಗಳು ಕಡ್ಡಿಯಷ್ಟು ಕಾಣುತ್ತವೆ, ನೋಡುವವರ ಎದೆ ಝಲ್ ಅನ್ನುವುದು ಆಗಲೇ.

ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಇದ್ದರೆ ಶಟರ್ ಅರ್ಧ ಸೆಕೆಂಡ್ ತೆರೆದಿಡಿ, ನೀರು ಹತ್ತಿಯ ಹಾಗೆ ಬರುತ್ತದೆ. ಮಂಜು ಮುಚ್ಚಿದರೆ ಬೇಜಾರಾಗಿ ವಾಪಸ್ ಹೊರಡಬೇಡಿ, ಕಾಯಿರಿ, ಎರಡು ನಿಮಿಷ ತೆರೆದುಕೊಂಡರೂ ಸಾಕು. ಲೆನ್ಸ್ ಒರೆಸುವುದಕ್ಕೆ ನಾಲ್ಕೈದು ಒಣ ಬಟ್ಟೆ ಇಟ್ಟುಕೊಳ್ಳಿ, ಒಂದು ಸಾಲುವುದಿಲ್ಲ.