ಮಾಡೆಲ್ ಕಾರು ಕಟ್ಟೋರ ಪ್ರಶ್ನೆಗಳು: 24ರಿಂದ ಭಾಗಿಸಿ ನೋಡಿ

ಪ್ರಶ್ನೆ: ಸರ್, 1/24 ಸ್ಕೇಲಿನ (ನಿಜವಾದ ಕಾರಿನ 24ನೇ ಒಂದು ಭಾಗದಷ್ಟು ಅಳತೆ) ಕಿಟ್ ಒಂದನ್ನ ಕಷ್ಟಪಟ್ಟು ಮುಗಿಸಿದೆ. ಪಾರ್ಟ್ಸ್ ಎಲ್ಲಾ ನೀಟಾಗಿ ಕೂತಿವೆ, ಸ್ಪ್ರೇ ಕ್ಯಾನ್‌ನಲ್ಲೇ ಬಣ್ಣ ಹೊಡೆದಿದ್ದೀನಿ, ಚೆನ್ನಾಗಿ ಹೊಳೀತಾನೂ ಇದೆ. ಆದ್ರೂ ಫೋಟೋದಲ್ಲಿ ಆಟದ ಸಾಮಾನಿನ ಥರಾನೇ ಕಾಣುತ್ತೆ. ಏನು ಕಮ್ಮಿ ಆಗಿದೆ?

ಉತ್ತರ: ಕಮ್ಮಿ ಆಗಿರೋದು ಏನೂ ಇರಲಿಕ್ಕಿಲ್ಲ, ಜಾಸ್ತಿ ಆಗಿರೋದು ಬಣ್ಣ. ಒಂದು ಲೆಕ್ಕ ಹಾಕಿ. ನಿಜವಾದ ಕಾರಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲಾ ಸೇರಿದ್ರೂ ಸುಮಾರು 0.1ರಿಂದ 0.15 ಮಿಲಿಮೀಟರ್ ದಪ್ಪ ಇರುತ್ತೆ ಅಷ್ಟೇ. ನಿಮ್ಮ ಮಾಡೆಲ್ ಮೇಲೂ ಅದೇ 0.1 ಮಿ.ಮೀ. ಕೂತಿದೆ ಅಂದ್ಕೊಳ್ಳಿ, 24ರಿಂದ ಗುಣಿಸಿದ್ರೆ ನಿಜವಾದ ಕಾರಿಗೆ 2.4 ಮಿ.ಮೀ. ದಪ್ಪ ಬಣ್ಣ ಮೆತ್ತಿದ ಲೆಕ್ಕ ಆಯ್ತು. ಡೋರಿನ ಗೆರೆ ಮುಚ್ಚಿಹೋಗೋದು, ಬಾನೆಟ್ ಅಂಚು ಮೊಂಡಾಗೋದು, ಎಂಬ್ಲಮ್ ಮಸುಕಾಗೋದು ಎಲ್ಲಾ ಇದರಿಂದಾನೇ.

ಇನ್ನು ಹೊಳಪಿನ ವಿಷಯ. ಕಾರನ್ನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ಬಾನೆಟ್ ಮೇಲೆ ಬೀಳೋ ಲೈಟಿನ ಪ್ರತಿಬಿಂಬ ನೋಡಿ, ಅದರ ಅಂಚು ನೇರವಾಗಿದ್ರೆ ಸರಿ, ಕಿತ್ತಳೆ ಸಿಪ್ಪೆ ಥರ ತರಿತರಿಯಾಗಿ ಕದಡಿದ್ರೆ ಎಷ್ಟೇ ಹೊಳೆದ್ರೂ ಕಣ್ಣು ನಂಬಲ್ಲ.

ಮುಂದಿನ ಕಿಟ್‌ಗೆ ಹೀಗೆ ಮಾಡಿ ನೋಡಿ. ಮೊದಲು ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಬಾಡಿ ತೊಳೀರಿ, ಅಚ್ಚಿನಿಂದ ಬಿಡಿಸೋಕೆ ಹಾಕಿರೋ ಎಣ್ಣೆ ಜಿಡ್ಡು ಪ್ಲಾಸ್ಟಿಕ್ ಮೇಲೆ ಉಳಿದಿರಬಹುದು, ಅದರ ಮೇಲೆ ಬಣ್ಣ ಹಿಡಿಯಲ್ಲ. ಆಮೇಲೆ ಫೆಂಡರ್ ಮೇಲೆ, ಪಿಲ್ಲರ್ ಮೇಲೆ ಹಾದುಹೋಗೋ ಅಚ್ಚಿನ ಸಣ್ಣ ಗೆರೆಗಳನ್ನ ಉಜ್ಜಿ ತೆಗೀರಿ, ನಿಜವಾದ ಕಾರಲ್ಲಿ ಅವು ಇಲ್ಲವೇ ಇಲ್ಲ. ಡೋರು, ಡಿಕ್ಕಿ ಗೆರೆಗಳನ್ನ ಬಣ್ಣಕ್ಕೆ ಮುಂಚೆ ಸ್ಕ್ರೈಬರ್ (ಗೆರೆ ಕೊರೆಯೋ ಚೂಪು ಸಾಧನ) ಇಲ್ಲಾ ಬ್ಲೇಡಿನ ಹಿಂಬದಿಯಿಂದ ಮೆಲ್ಲಗೆ ಎರಡು ಸಲ ಎಳೆದು ಸ್ವಲ್ಪ ಆಳ ಮಾಡ್ಕೊಳ್ಳಿ. ಪ್ರೈಮರ್ ತೆಳ್ಳಗೆ ಹೊಡೀರಿ, ಒಣಗಿದ ಮೇಲೆ ನೀರು ಹಾಕಿ ನಯವಾದ ಸ್ಯಾಂಡ್‌ಪೇಪರಲ್ಲಿ ಉಜ್ಜಿ. ಸ್ಪ್ರೇ ಕ್ಯಾನನ್ನ ಕೈ ಇಡೋಕಾಗುವಷ್ಟು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಒಳಗೆ ಪ್ರೆಷರ್ ಏರುತ್ತೆ, ಹನಿ ಸಣ್ಣದಾಗಿ ಬರುತ್ತೆ (ಒಲೆ ಹತ್ರ ಮಾತ್ರ ತಗೊಂಡು ಹೋಗಲೇಬೇಡಿ, ಸಿಡಿಯುತ್ತೆ). ಮೊದಲ ಎರಡು ಕೋಟ್ ಮಂಜು ಬಿದ್ದ ಹಾಗೆ, ಆಮೇಲೆ ಒಂದು ಒದ್ದೆ ಕೋಟ್. ಗಾಳೀಲಿ ತೇವ ಜಾಸ್ತಿ ಇರೋ ದಿನ ಲ್ಯಾಕರ್ ಹೊಡೀಬೇಡಿ, ಬಿಳಿ ಮಂಕು ಕೂರುತ್ತೆ.

ಒಣಗಿದ್ಯಾ ಅಂತ ಮುಟ್ಟಿ ನೋಡೋದು ಬೇಡ, ಮೂಗಿನ ಹತ್ರ ಹಿಡೀರಿ, ಬಣ್ಣದ ವಾಸನೆ ಇನ್ನೂ ಬರ್ತಿದ್ರೆ ಒಳಗೆ ಒಣಗಿಲ್ಲ. ಲ್ಯಾಕರ್ ಬೇಗ ಒಣಗುತ್ತೆ, ಎನಾಮಲ್‌ಗೆ ವಾರಗಟ್ಟಲೆ ಬೇಕು. ವಾಸನೆ ಪೂರ್ತಿ ಹೋದ ಮೇಲೆ ಮೈಕ್ರೋ ಮೆಶ್ ಪ್ಯಾಡ್ (ತುಂಬಾ ನಯವಾಗಿ ಉಜ್ಜೋ ಪ್ಯಾಡ್, ನಂಬರ್ ಏರಿದಷ್ಟೂ ನಯ) ನೀರಲ್ಲಿ ಅದ್ದಿ 4000, 6000, 8000, 12000 ಅಂತ ಒಂದೊಂದಾಗಿ ಉಜ್ಜಿ, ಕೊನೆಗೆ ಕಾಂಪೌಂಡ್, ಅಂದ್ರೆ ಪಾಲಿಶ್ ಪೇಸ್ಟ್. ಬಣ್ಣ ಮೊದಲು ಕಿತ್ತು ಬರೋದು ಬಾನೆಟ್ ಏಣು, ಫೆಂಡರ್ ತುದಿ ಇಂಥ ಕಡೆ. ಅಲ್ಲೆಲ್ಲಾ ತೆಳ್ಳಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಸುತ್ತಲಿನದನ್ನ ಮುಗಿಸಿ, ಟೇಪ್ ತೆಗೆದ ಮೇಲೆ ಬರೀ ಕಾಂಪೌಂಡಲ್ಲಿ ಒಂದೆರಡು ಸಲ ಸವರಿ ಸಾಕು.

ಪ್ರಶ್ನೆ: ಹೊಸದಾಗಿ ಶುರು ಮಾಡ್ತಿದ್ದೀನಿ. 1/24 ತಗೊಳ್ಳೋದಾ, 1/43 ತಗೊಳ್ಳೋದಾ?

ಉತ್ತರ: 1/24, ಯೋಚನೇನೇ ಬೇಡ. ನಾಲ್ಕೂವರೆ ಮೀಟರ್ ಉದ್ದದ ಕಾರು 1/24ರಲ್ಲಿ ಸುಮಾರು 19 ಸೆಂಟಿಮೀಟರ್, 1/43ರಲ್ಲಿ ಹತ್ತೂವರೆ ಸೆಂಟಿಮೀಟರ್ ಆಗುತ್ತೆ. ನೋಡೋಕೆ ಅರ್ಧದಷ್ಟು ಅನ್ಸಿದ್ರೂ ಕೆಲಸ ಮಾಡೋಕೆ ಹೋದಾಗ ಡೋರ್ ಹ್ಯಾಂಡಲ್ ಇಕ್ಕಳದ ತುದೀಲೇ ಮಾಯ ಆಗುತ್ತೆ. 1/25 ಅಂತ ಬರೆದಿರೋ ಅಮೆರಿಕನ್ ಕಿಟ್ ಸಿಕ್ಕಿದ್ರೆ ಅದೂ ಆಗುತ್ತೆ, ಶೆಲ್ಫಲ್ಲಿ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ.

ಪ್ರಶ್ನೆ: ಹಳೇ ಅಮೆರಿಕನ್ ವಿ8 ಎಂಜಿನ್ ಇರೋ ಕಿಟ್ ಕಟ್ತಾ ಇದ್ದೀನಿ ಸರ್. ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ವೈರ್ ಹಾಕಬೇಕು ಅಂತ ಆಸೆ. ಹೊಲಿಗೆ ದಾರ ಹಾಕಿ ನೋಡಿದೆ, ಹಗ್ಗ ಕಟ್ಟಿದ ಹಾಗಿದೆ. ಯಾವ ವೈರ್, ಯಾವ ಕ್ರಮದಲ್ಲಿ?

ಉತ್ತರ: ಈ ಪ್ರಶ್ನೆ ಓದಿ ತುಂಬಾ ಖುಷಿ ಆಯ್ತು, ಯಾಕಂದ್ರೆ ಬಾನೆಟ್ ಮುಚ್ಚಿದ್ರೆ ಕಾಣದೇ ಇರೋ ಜಾಗದ ಬಗ್ಗೆ ಕೇಳ್ತಾ ಇದ್ದೀರಿ.

ಇಲ್ಲೂ ಅದೇ ಲೆಕ್ಕ. ನಿಜವಾದ ಪ್ಲಗ್ ವೈರ್ 7ರಿಂದ 8 ಮಿ.ಮೀ. ದಪ್ಪ, 24ರಿಂದ ಭಾಗಿಸಿದ್ರೆ 0.3 ಮಿ.ಮೀ. ಚಿಲ್ಲರೆ. ದಾರ ಅದಕ್ಕಿಂತ ದಪ್ಪ ಅನ್ನೋದು ಒಂದು, ಮೈಮೇಲೆ ಎಳೆ ಎದ್ದಿರುತ್ತೆ ಅನ್ನೋದು ಇನ್ನೊಂದು. ಕೆಟ್ಟುಹೋದ ಇಯರ್‌ಫೋನ್ ಇಲ್ಲಾ ಹಳೇ ಎಲೆಕ್ಟ್ರಾನಿಕ್ಸ್ ಸಾಮಾನು ಬಿಚ್ಚಿ ನೋಡಿ, ಒಳಗೆ ಸಣ್ಣ ಸಣ್ಣ ವೈರ್ ಸಿಗುತ್ತೆ, ಅದರಲ್ಲಿ 0.3ಕ್ಕೆ ಹತ್ತಿರ ಇರೋದನ್ನ ಆರಿಸ್ಕೊಳ್ಳಿ. ತಾಮ್ರದ ತಂತಿ ಆದ್ರೆ ಬಗ್ಗಿಸಿದ ಹಾಗೇ ನಿಲ್ಲುತ್ತೆ. ಪಿನ್ ವೈಸಲ್ಲಿ (ಬೆರಳಲ್ಲಿ ತಿರುಗಿಸೋ ಪುಟ್ಟ ಡ್ರಿಲ್) ಅಷ್ಟೇ ಸಣ್ಣ ಬಿಟ್ ಹಾಕಿ, ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚೋ ಭಾಗ) ಮುಚ್ಚಳದಲ್ಲಿ ಸುತ್ತ ಎಂಟು ತೂತು, ನಡುವೆ ಕಾಯಿಲ್ ವೈರಿಗೆ ಒಂದು. ಆ ನಡುವಿನ ಒಂಬತ್ತನೇದನ್ನ ಬಹಳ ಜನ ಮರೀತಾರೆ.

ಕ್ರಮದ ವಿಷಯಕ್ಕೆ ಬಂದ್ರೆ ಎಂಜಿನ್ ಯಾವ ಕಂಪನಿದು ಅಂತ ಮೊದಲು ನೋಡಿ. ಷೆವ್ರೊಲೆ ಸ್ಮಾಲ್ ಬ್ಲಾಕ್ ಆದ್ರೆ ಡಿಸ್ಟ್ರಿಬ್ಯೂಟರ್ ಎಂಜಿನ್ ಹಿಂಭಾಗದಲ್ಲಿ ಇರುತ್ತೆ, ಡ್ರೈವರ್ ಸೀಟಲ್ಲಿ ಕೂತು ನೋಡಿದ್ರೆ ಸಿಲಿಂಡರ್ ನಂಬರ್ ಮುಂದಿಂದ ಎಡಗಡೆ 1, 3, 5, 7, ಬಲಗಡೆ 2, 4, 6, 8, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗೋ ಕ್ರಮ) 1-8-4-3-6-5-7-2. ಫೋರ್ಡ್ ವಿ8ನಲ್ಲಿ ನಂಬರೇ ಬೇರೆ, ಬಲಗಡೆ ಮುಂದಿಂದ 1, 2, 3, 4, ಎಡಗಡೆ 5, 6, 7, 8. ನಿಮ್ಮ ಎಂಜಿನ್ನಿನ ಫೈರಿಂಗ್ ಆರ್ಡರಲ್ಲೇ ಮುಚ್ಚಳದ ಸುತ್ತ ವೈರ್ ಜೋಡಿಸ್ತಾ ಹೋದ್ರೆ ಅವು ತಾವೇ ಒಂದರ ಮೇಲೊಂದು ಹಾದು ಎಡಕ್ಕೂ ಬಲಕ್ಕೂ ಹಂಚಿಹೋಗುತ್ವೆ, ನಿಜವಾದ ಎಂಜಿನ್‌ನಲ್ಲಿ ಕಾಣೋ ಆ ಗೋಜಲು ಬರೋದು ಹಾಗೆ. ಸುಮ್ನೆ ನಾಲ್ಕು ಇತ್ತ ನಾಲ್ಕು ಅತ್ತ ಸಿಗಿಸಿದ್ರೆ ಬಾಚಿದ ಹಾಗೆ ಕಾಣುತ್ತೆ, ಗೊತ್ತಿರೋರು ನೋಡಿದ ತಕ್ಷಣ ಹೇಳ್ತಾರೆ.

ಸಾಧ್ಯ ಆದ್ರೆ ನಿಜವಾದ ಎಂಜಿನ್ ಫೋಟೋ ನಾಲ್ಕಾರು ಕಡೆಯಿಂದ ತೆಗೆದಿರೋದು ಮುಂದೆ ಇಟ್ಕೊಂಡು ಕೂತ್ಕೊಳ್ಳಿ. ಜಪಾನಿನ ತಮಿಯಾ ಕಂಪನಿಯವರು 1976ರಲ್ಲಿ ಬಂದ 1/12 ಸ್ಕೇಲಿನ ಪೋರ್ಷೆ 934 ಮಾಡೆಲ್‌ಗೋಸ್ಕರ ನಿಜವಾದ ಒಂದು ಪೋರ್ಷೆ 911 ಕಾರನ್ನೇ ಕೊಂಡು ಬಿಚ್ಚಿ ನೋಡಿದ್ರು. ನಾವು ಕಾರು ಕೊಳ್ಳೋದು ಬೇಡ, ಆದ್ರೆ ಕಿಟ್ ಜೊತೆ ಬರೋ ಶೀಟನ್ನಷ್ಟೇ ನಂಬ್ಕೊಂಡು ಕೂರೋದೂ ಬೇಡ.

ಪ್ರಶ್ನೆ: ಕಿಟಕಿ ಗಾಜನ್ನ ಸೂಪರ್ ಗ್ಲೂನಲ್ಲಿ ಅಂಟಿಸಿದೆ, ಮಾರನೇ ದಿನ ನೋಡಿದ್ರೆ ಪೂರ್ತಿ ಬಿಳಿ ಮಬ್ಬು. ಒರೆಸಿದ್ರೂ ಹೋಗ್ತಿಲ್ಲ.

ಉತ್ತರ: ಸೂಪರ್ ಗ್ಲೂ ಗಟ್ಟಿ ಆಗುವಾಗ ಆವಿ ಬಿಡುತ್ತೆ, ಅದು ಹತ್ತಿರದ ಗಾಜಿನ ಮೇಲೆ ಕೂತು ಬಿಳಿಯಾಗುತ್ತೆ, ಮುಚ್ಚಿದ ಕ್ಯಾಬಿನ್ ಒಳಗಾದ್ರೆ ಇನ್ನೂ ಜಾಸ್ತಿ. ಮೇಲ್ಮೈಯಲ್ಲಷ್ಟೇ ಇದ್ರೆ ಗಾಜು ಬಿಡಿಸಿಕೊಂಡು ನಯವಾದ ಕಾಂಪೌಂಡಲ್ಲಿ ತಾಳ್ಮೆಯಿಂದ ಉಜ್ಜಿ, ಬಹಳಷ್ಟು ಸಲ ತಿಳಿಯಾಗುತ್ತೆ. ಇನ್ನು ಮುಂದೆ ಗಾಜಿಗೆ ಬಿಳಿ ಗೋಂದು ಥರದ, ಒಣಗಿದ ಮೇಲೆ ಪಾರದರ್ಶಕ ಆಗೋ ಅಂಟು ಮಾತ್ರ ಬಳಸಿ. ಪ್ಲಾಸ್ಟಿಕ್ ಸಿಮೆಂಟೂ ಬೇಡ, ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯೋದು, ಕಿಟ್ಟಿನ ಗಾಜೂ ಪ್ಲಾಸ್ಟಿಕ್ಕೇ, ಒಂದು ಹನಿ ಹರಿದ್ರೂ ಗಾಜಿನ ಮೇಲೆ ಕಲೆ ಉಳೀತದೆ.

ಪ್ರಶ್ನೆ: ಕಿಟಕಿ ಸುತ್ತಲಿನ ಕ್ರೋಮ್ ಪಟ್ಟಿಗೆ ಸಿಲ್ವರ್ ಪೇಂಟ್ ಬಳಿದ್ರೆ ಬೂದು ಬಣ್ಣ ಥರ ಕಾಣುತ್ತೆ, ಗೆರೇನೂ ನೇರ ಬರಲ್ಲ. ಬೇರೆ ದಾರಿ ಇದ್ಯಾ ಸರ್?

ಉತ್ತರ: ಇದೆ, ಬೇರ್ ಮೆಟಲ್ ಫಾಯಿಲ್. ಅಂಟು ಇರೋ ತುಂಬಾ ತೆಳ್ಳನೆ ಲೋಹದ ಹಾಳೆ ಇದು. ಪಟ್ಟಿಗಿಂತ ಸ್ವಲ್ಪ ಅಗಲ ಕತ್ತರಿಸಿ ಇಟ್ಟು ಕಾಟನ್ ಬಡ್‌ನಲ್ಲಿ ಒತ್ತಿ, ಆಮೇಲೆ ಟೂತ್‌ಪಿಕ್ ತುದಿಯಿಂದ ಅಂಚಿನ ಮೂಲೆಗೆ ಕೂರಿಸಿ, ಹೊಸಾ ಬ್ಲೇಡಲ್ಲಿ ಅಂಚಿನ ಉದ್ದಕ್ಕೂ ಎಳೀರಿ. ಹೊಸಾ ಬ್ಲೇಡ್ ಅಂದ್ರೆ ನಿಜವಾಗ್ಲೂ ಹೊಸಾದು, ಮೊಂಡು ಬ್ಲೇಡ್ ಫಾಯಿಲನ್ನ ಕತ್ತರಿಸಲ್ಲ, ಹರಿಯುತ್ತೆ. ಬ್ಲೇಡನ್ನ ಒತ್ತಬೇಡಿ, ಅದರ ಭಾರಾನೇ ಸಾಕು, ಒತ್ತಿದ್ರೆ ಕೆಳಗಿನ ಬಣ್ಣಕ್ಕೂ ಗೀರು ಬೀಳುತ್ತೆ.

ಡಿಕ್ಕಿ ಮೇಲಿನ ಅಕ್ಷರಗಳಿಗೆ ಇದನ್ನೇ ತಿರುಗಾಮುರುಗಾ ಮಾಡ್ತಾರೆ. ಬಣ್ಣಕ್ಕೆ ಮುಂಚೆ ಅಕ್ಷರಗಳ ಮೇಲಷ್ಟೇ ಫಾಯಿಲ್ ಒತ್ತಿ ಕೂರಿಸಿ, ಸುತ್ತ ಕತ್ತರಿಸಿ ತೆಗೆದು, ಅದರ ಮೇಲೇ ಬಣ್ಣ ಹೊಡೀತಾರೆ. ಬಣ್ಣ ಪೂರ್ತಿ ಗಟ್ಟಿಯಾಗೋ ಮುಂಚೆ ಕಾಟನ್ ಬಡ್‌ಗೆ ಒಂಚೂರೇ ಥಿನ್ನರ್ ತಾಗಿಸಿ ಅಕ್ಷರದ ನೆತ್ತಿ ಮೇಲೆ ಮಾತ್ರ ಸವರಿದ್ರೆ ಅಲ್ಲಿನ ಬಣ್ಣ ಹೋಗಿ ಒಳಗಿನ ಲೋಹ ಕಾಣುತ್ತೆ. ಅರ್ಧ ಮಿಲಿಮೀಟರ್ ಅಕ್ಷರಕ್ಕೆ ಯಾವ ಬ್ರಷ್ಷಲ್ಲೂ ಅಷ್ಟು ಚೊಕ್ಕ ಬರಲ್ಲ.

ಪ್ರಶ್ನೆ: ಕೆಂಪು ಪ್ಲಾಸ್ಟಿಕ್ ಬಾಡಿಗೆ ಬಿಳಿ ಬಣ್ಣ ಹೊಡೆದೆ, ಗುಲಾಬಿ ಆಗ್ತಾ ಇದೆ. ಇನ್ನೆಷ್ಟು ಕೋಟ್ ಬೇಕು?

ಉತ್ತರ: ಕೋಟ್ ಏರಿಸ್ತಾ ಹೋಗಬೇಡಿ, ಕೆಂಪು ಪ್ಲಾಸ್ಟಿಕ್ಕಿನ ಬಣ್ಣ ಥಿನ್ನರಿಗೆ ಕರಗಿ ಮೇಲಕ್ಕೆ ಬರ್ತಾ ಇದೆ, ಎಷ್ಟು ಒದ್ದೆ ಹೊಡೆದ್ರೆ ಅಷ್ಟು ಬರುತ್ತೆ. ಈಗಿರೋದನ್ನ ಚೆನ್ನಾಗಿ ಒಣಗಿಸಿ, ಮೇಲೆ ಸಿಲ್ವರ್ ಬಣ್ಣ ತೆಳ್ಳಗೆ ಎರಡು ಕೋಟ್ ಹೊಡೀರಿ. ಸಿಲ್ವರಲ್ಲಿರೋ ಅಲ್ಯೂಮಿನಿಯಂ ಪುಡಿ ಒಂದರ ಮೇಲೊಂದು ಕೂತು ಕೆಂಪನ್ನ ತಡೆಯುತ್ತೆ. ಒಂದು ದಿನ ಬಿಟ್ಟು ಅದರ ಮೇಲೆ ಬಿಳಿ ಪ್ರೈಮರ್, ಆಮೇಲೆ ಬಿಳಿ. ಈಗಾಗ್ಲೇ ನಾಲ್ಕೈದು ಕೋಟ್ ಆಗಿಬಿಟ್ಟಿದ್ರೆ ಮಾತ್ರ ಪೂರ್ತಿ ಕಿತ್ತು ಮೊದಲಿಂದ ಶುರು ಮಾಡೋದೇ ವಾಸಿ, ಇಲ್ಲಾಂದ್ರೆ ಡೋರ್ ಗೆರೆಗಳು ಉಳಿಯಲ್ಲ.