ಕೆಸರಲ್ಲಿ ಒಂದೇ ಚಕ್ರ ತಿರುಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನ್ನದು 2009ರ ಮಹೀಂದ್ರ ಪಿಕಪ್, ಟೂ ವೀಲ್ ಡ್ರೈವ್. ಕಾಫಿ ತೋಟದ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಮಳೆಗಾಲದಲ್ಲಿ ತೋಟದ ಏರು ಹತ್ತುವಾಗ ಹಿಂದಿನ ಎಡ ಚಕ್ರ ಗಿರ್ರನೆ ತಿರುಗುತ್ತದೆ, ಬಲದ್ದು ಅಲುಗುವುದೇ ಇಲ್ಲ. ಟಾರು ರಸ್ತೆಯಲ್ಲಿ 50 ದಾಟಿದರೆ ಹಿಂದಿನಿಂದ ಗುಂಯ್ ಅಂತ ಸದ್ದೂ ಬರುತ್ತದೆ. ಲಾಕ್ ಆಗುವ ಡಿಫರೆನ್ಷಿಯಲ್ ಹಾಕಿಸಬಹುದಾ? ಥಾರ್‌ನದು ಗುಜರಿಯಲ್ಲಿ ಸಿಗುತ್ತದೆ ಅನ್ನುತ್ತಾರೆ.
– ಓದುಗರು, ಸಕಲೇಶಪುರ

ಉತ್ತರ: ಹಾಕಿಸಬಹುದು. ಡಿಫರೆನ್ಷಿಯಲ್ ಅಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂತು, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಗೇರುಗಳ ಜೋಡಣೆ. ನಿಮ್ಮ ಗಾಡಿಯಲ್ಲಿರುವ ಮಾಮೂಲಿಯದು ಎರಡೂ ಚಕ್ರಕ್ಕೆ ಸಮನಾಗಿ ಬಲ ಹಂಚುತ್ತದೆ. ತೊಂದರೆ ಇರುವುದೇ ಅಲ್ಲಿ. ಕೆಸರಲ್ಲಿರುವ ಚಕ್ರ ಎಷ್ಟು ಕಡಿಮೆ ಬಲಕ್ಕೆ ಜಾರುತ್ತದೋ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಸಿಗುವುದು ಅಷ್ಟೇ. ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಲಾಕ್ ಆಗುವಂಥದ್ದು, ಅಂದರೆ ಲಾಕರ್, ಎರಡೂ ಚಕ್ರವನ್ನು ಒಟ್ಟಿಗೇ ತಿರುಗಿಸುತ್ತದೆ.

ಆದರೆ ಮೊದಲು ಆ ಸದ್ದನ್ನು ನೋಡಿಸಿ. ಡಿಫರೆನ್ಷಿಯಲ್ ಕೂತಿರುವ ಗೂಡಿನ (ಹೌಸಿಂಗ್) ಆಯಿಲ್ ಇಳಿಸಿ, ಡ್ರೈನ್ ಬೋಲ್ಟ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಬೆರಳಲ್ಲಿ ಸವರಿ ನೋಡಿ. ನುಣ್ಣಗೆ ಬೂದು ಬಣ್ಣದ ಕೆಸರಿನಂಥದ್ದು ಅಂಟಿದ್ದರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಕೈಗೆ ಚುಚ್ಚುವ ಚೂರು ಸಿಕ್ಕಿದರೆ ಬೇರಿಂಗೋ ಹಲ್ಲೋ ಹೋಗಿದೆ ಅಂತಲೇ ಲೆಕ್ಕ. ಆಗ ಹೇಗೂ ಎಲ್ಲ ಬಿಚ್ಚಲೇಬೇಕು, ಹೊಸ ಬೇರಿಂಗ್ ಹಾಕಿ, ಶಿಮ್ (ಅಂತರ ಸರಿಮಾಡುವ ತೆಳು ತಗಡು) ಕೊಟ್ಟು, ಕ್ರೌನ್ ಅನ್ನುವ ದೊಡ್ಡ ಗೇರಿನ ಹಲ್ಲಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವ ತನಕ ಕೂರಿಸಬೇಕು. ಲಾಕರ್ ಹಾಕಲೂ ಇದೇ ಕೆಲಸ, ಇದೇ ಕೂಲಿ. ಎರಡನ್ನೂ ಒಟ್ಟಿಗೇ ಮುಗಿಸಿ. ಕ್ರೌನ್ ಹೋಗಿದ್ದರೆ ಅದನ್ನು ತಿರುಗಿಸುವ ಸಣ್ಣ ಗೇರು ಪಿನಿಯನ್ ಕೂಡ ಬದಲಿಸಿ, ಅವು ಜೋಡಿಯಾಗಿ ತಯಾರಾಗಿರುತ್ತವೆ, ಹಳೆಯದಕ್ಕೆ ಹೊಸದು ಸೇರಿಸಿದರೆ ಸದ್ದು ಇನ್ನೂ ಜಾಸ್ತಿ.

ಇನ್ನು ಗುಜರಿ ಮಾಲು. 2015ರಲ್ಲಿ ಬದಲಾಗಿ ಬಂದ ಥಾರ್ ಸಿಆರ್‌ಡಿಇ (ಡೀಸೆಲ್ ಮಾದರಿ) ಗಾಡಿಯ ಹಿಂಬದಿಯಲ್ಲಿ ತಾನಾಗಿ ಲಾಕ್ ಆಗುವ ಈಟನ್ ಕಂಪನಿಯ ಡಿಫರೆನ್ಷಿಯಲ್ ಇತ್ತು. ಎರಡು ಚಕ್ರಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ (ನಿಮಿಷಕ್ಕೆ 100 ಸುತ್ತು) ವ್ಯತ್ಯಾಸ ಬಂದರೆ ಲಾಕ್ ಆಗುತ್ತದೆ, ಗಂಟೆಗೆ 30 ಕಿ.ಮೀ. ಚಿಲ್ಲರೆ ದಾಟಿದ ಮೇಲೆ ಆಗುವುದಿಲ್ಲ. ತೋಟಕ್ಕೆ ಹೇಳಿ ಮಾಡಿಸಿದ್ದು. ಆದರೆ ಎರಡೂ ಮಹೀಂದ್ರ ತಾನೇ ಅಂತ ದುಡ್ಡು ಕೊಟ್ಟು ಬರಬೇಡಿ! ನಿಮ್ಮ ಗಾಡಿಯ ಹಾಫ್ ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಸರಳು) ಎಳೆದು ತುದಿಯ ಗೀರು ಹಲ್ಲುಗಳನ್ನು ಎಣಿಸಿ, ಕ್ರೌನ್ ಬೋಲ್ಟ್ ತೂತು ಮತ್ತು ಬೇರಿಂಗ್ ಅಳತೆ ಬರೆದುಕೊಂಡು ಹೋಗಿ, ಮೂರೂ ಹೊಂದಿದರೆ ಮಾತ್ರ ವ್ಯಾಪಾರ. ಒಳಗಿನ ಕ್ಲಚ್ ಪ್ಲೇಟ್ ಸವೆದಿದ್ದರೆ ಲಾಕ್ ಸರಿಯಾಗಿ ಹಿಡಿಯುವುದಿಲ್ಲ, ಹಾಗಾಗಿ ಬಿಚ್ಚಿ ತೋರಿಸದವನ ಹತ್ತಿರ ಕೊಳ್ಳಲೇಬೇಡಿ.

ಕ್ರೌನ್ ಪಿನಿಯನ್ ಸಮೇತ ಇಡೀ ಸೆಟ್ ಎತ್ತಿ ಹಾಕುವುದಾದರೆ ರೇಶಿಯೋ ನೋಡಿ. ಕ್ರೌನ್‌ನ ಹಲ್ಲನ್ನು ಪಿನಿಯನ್ ಹಲ್ಲಿಂದ ಭಾಗಿಸಿದರೆ ಸಾಕು, 41ಕ್ಕೆ 10 ಅಂದರೆ 4.1. ಈ ಸಂಖ್ಯೆ ಈಗಿನದಕ್ಕಿಂತ ಕಡಿಮೆಯಾದರೆ ಲೋಡ್ ಹೊತ್ತು ಏರು ಹತ್ತುವಾಗ ಗಾಡಿ ಒದ್ದಾಡುತ್ತದೆ, ಸ್ಪೀಡೋಮೀಟರ್ ಕೂಡ ತಪ್ಪು ತೋರಿಸುತ್ತದೆ.

ಅಂದಹಾಗೆ, ಹಿಂದಿನ ಟಯರ್ ಬೋಳಾಗಿದ್ದರೆ ಇದೆಲ್ಲ ಸುಮ್ನೆ ಖರ್ಚು. ಎರಡೂ ಚಕ್ರ ಒಟ್ಟಿಗೆ ಜಾರುತ್ತವೆ, ಅಷ್ಟೆ.

ಪ್ರಶ್ನೆ: ಲಾಕರ್ ಬದಲು ಒಳಗಿನ ಗೇರುಗಳನ್ನು ವೆಲ್ಡ್ ಮಾಡಿಸಿದರೆ ಅಗ್ಗ ಅಲ್ವಾ?
– ಓದುಗರು, ಮಡಿಕೇರಿ

ಉತ್ತರ: ಅಗ್ಗವೇ. ಆದರೆ ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ವೆಲ್ಡ್ ಮಾಡಿದರೆ ಎರಡೂ ಒಂದೇ ವೇಗದಲ್ಲಿ ಓಡುತ್ತವೆ. ಟಯರ್ ಉಜ್ಜಿ ಹೋಗುತ್ತದೆ, ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ, ಹಾಫ್ ಶಾಫ್ಟ್ ಮುರಿದರೂ ಆಶ್ಚರ್ಯವಿಲ್ಲ. ತೋಟದ ಬೇಲಿ ದಾಟದ ಗಾಡಿಯಾದರೆ ನಿಮ್ಮಿಷ್ಟ. ಲೋಡ್ ಹೊತ್ತು ಸಂಪಾಜೆ ಘಾಟಿ ಇಳಿಯುವ ಗಾಡಿಗೆ ಖಂಡಿತ ಬೇಡ.