ಡೀಸೆಲ್ ಕಾರಿನ ಕ್ಲೇಮು: ಸಹಿ ಹಾಕುವ ಮುಂಚೆ ಕೇಳಿ, ಹಾಕಿದ ಮೇಲಲ್ಲ

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಂದ ನನಗೆ ಒಂದೇ ವಿಷಯಕ್ಕೆ ಮತ್ತೆ ಮತ್ತೆ ಪ್ರಶ್ನೆ ಬರುತ್ತಿದೆ. ಲ್ಯಾಬಿನಲ್ಲಿ ಮಾತ್ರ ಹೊಗೆ ಕಡಿಮೆ ತೋರಿಸುವ ಸಾಫ್ಟ್‌ವೇರ್ ಇಟ್ಟು ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿದ್ದಾರೆ ಅಂತ ಕಾರು ಕಂಪನಿಗಳ ಮೇಲೆ ಹೂಡಿರುವ ಗುಂಪು ದಾವೆಗೆ ಸೇರಬೇಕಾ, ಬೇಡವಾ? 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಹೇಗೆ ಸಿಕ್ಕಿಬಿತ್ತು ಅನ್ನೋದರಿಂದ ಶುರು ಮಾಡುವುದಿಲ್ಲ, ಅದು ನಿಮಗೆ ಗೊತ್ತು. ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉದ್ದ ಉತ್ತರ ಬೇಕು. ಯಾಕೆಂದರೆ ಅದನ್ನು ಕೇಳುವವರಲ್ಲಿ ಮುಕ್ಕಾಲು ಜನ ಸಹಿ ಹಾಕಿಯಾದ ಮೇಲೆ ಕೇಳುತ್ತಾರೆ.

ಮೇಡಂ, 2014ರಿಂದ 2019ರವರೆಗೆ ನನ್ನ ಹತ್ತಿರ ಡೀಸೆಲ್ ಮರ್ಸಿಡಿಸ್ ಇತ್ತು. ಫೇಸ್‌ಬುಕ್ಕಿನಲ್ಲಿ ಜಾಹೀರಾತು ನೋಡಿ ಕಾರಿನ ನಂಬರ್ ಹಾಕಿದೆ, ಫೋನಿನಲ್ಲೇ ಸಹಿ ಮಾಡಿಸಿಕೊಂಡು ಸೇರಿಸಿಕೊಂಡರು. ನೋ ವಿನ್ ನೋ ಫೀ ಅಂತೆ. ಗೆದ್ದರೆ ದುಡ್ಡು, ಸೋತರೆ ನಮ್ಮದೇನೂ ಹೋಗಲ್ಲ ಅಲ್ವಾ? ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಹೋಗುವ ಯೋಚನೆ ಇದೆ. (ರೀಡಿಂಗ್‌ನ ಓದುಗರು)

ಹೋಗಬಹುದು. ಎಷ್ಟು ಅನ್ನೋದು ನೀವು ಓದದೇ ಸಹಿ ಹಾಕಿದ ಕರಾರಿನಲ್ಲೇ ಇದೆ.

ಮೊದಲು ಸೋಲಿನ ಮಾತು. ಇಂಗ್ಲೆಂಡಿನ ಕೋರ್ಟಿನಲ್ಲಿ ಸೋತವರು ಗೆದ್ದವರ ವಕೀಲರ ಖರ್ಚು ಕೊಡಬೇಕು, ಇದು ಸಾಮಾನ್ಯ ನಿಯಮ. ನಿಮ್ಮ ವಕೀಲರು ಬಿಟ್ಟುಕೊಡುವುದು ಅವರ ಸ್ವಂತ ಫೀಸನ್ನು ಮಾತ್ರ. ಕಾರು ಕಂಪನಿಯ ವಕೀಲರ ಖರ್ಚು ಬೇರೆ. ಗುಂಪು ದಾವೆಯಲ್ಲಿ ಆ ಖರ್ಚನ್ನು ಸೇರಿದವರೆಲ್ಲರ ಮೇಲೆ ಸಮನಾಗಿ ಹಂಚುತ್ತಾರೆ. ಪಕ್ಕದವರು ಕಟ್ಟದಿದ್ದರೆ ಅವರ ಪಾಲು ನಿಮ್ಮ ತಲೆಗೆ ಬರುವುದಿಲ್ಲ, ಆದರೆ ನಿಮ್ಮ ಪಾಲು ನಿಮ್ಮದೇ. ಅಪಘಾತದಲ್ಲಿ ಗಾಯವಾದವರ ಕೇಸಿನಲ್ಲಿ ಸೋತರೂ ಎದುರು ಕಡೆಯ ಖರ್ಚು ಸಾಮಾನ್ಯವಾಗಿ ಕಟ್ಟಬೇಕಿಲ್ಲ. ಅದನ್ನು ಎಲ್ಲೋ ಕೇಳಿಕೊಂಡು ಬಂದವರು ಇಲ್ಲೂ ಹಾಗೇ ಅಂತ ಗ್ರೂಪುಗಳಲ್ಲಿ ಹೇಳುತ್ತಿದ್ದಾರೆ. ತಪ್ಪು. ಕಾರಿಗೆ ಜಾಸ್ತಿ ದುಡ್ಡು ಕೊಟ್ಟೆವು ಅನ್ನುವ ದಾವೆಗೆ ಆ ರಕ್ಷಣೆ ಇಲ್ಲ.

ಅದಕ್ಕೇ ವಕೀಲರು ನಿಮ್ಮ ಪರವಾಗಿ ಎಟಿಇ ಅನ್ನುವ ಇನ್ಶೂರೆನ್ಸ್ ಮಾಡಿಸುತ್ತಾರೆ. ಸೋತರೆ ಎದುರು ಕಡೆಯ ಖರ್ಚು ಅದರಿಂದ ಹೋಗಬೇಕು. "ಇನ್ಶೂರೆನ್ಸ್ ಇದೆ" ಅಂದರೆ ಸಾಲದು. ಪಾಲಿಸಿಯಲ್ಲಿ ನಿಮ್ಮ ಹೆಸರಿದೆಯಾ? ಎಷ್ಟು ಹಣದವರೆಗೆ ಕೊಡುತ್ತಾರೆ? ಯಾವ ಕಾರಣಕ್ಕೆ ರದ್ದು ಮಾಡಬಹುದು? ವಕೀಲರ ಸಂಸ್ಥೆಯೇ ಮುಚ್ಚಿಹೋದರೆ ಪಾಲಿಸಿ ಉಳಿಯುತ್ತದಾ? ಈ ನಾಲ್ಕಕ್ಕೂ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ.

ಸುಮ್ನೆ ಹೆದರಿಸುತ್ತಿಲ್ಲ. 2024ರ ಜನವರಿಯಲ್ಲಿ ಶೆಫೀಲ್ಡಿನ ಒಂದು ವಕೀಲ ಸಂಸ್ಥೆ ಮುಳುಗಿತು. ಗೋಡೆಯೊಳಗೆ ಇನ್ಸುಲೇಶನ್ ಸರಿಯಾಗಿ ತುಂಬದೆ ಮನೆಯೆಲ್ಲ ತೇವ ಹಿಡಿದ ಜನರ ಕೇಸುಗಳನ್ನು ಅವರು ಇದೇ ನೋ ವಿನ್ ನೋ ಫೀ ಮೇಲೆ ನಡೆಸುತ್ತಿದ್ದರು. ಕೇಸುಗಳು ಬಿದ್ದುಹೋದವು, ಇನ್ಶೂರೆನ್ಸಿನವರು ಹಣ ಕೊಡಲಿಲ್ಲ, ಎದುರು ಕಡೆಯ ಸಾವಿರಾರು ಪೌಂಡಿನ ಬಿಲ್ಲು ಸೀದಾ ಆ ಜನರ ಮನೆಗೆ ಬಂತು. ಅವರಲ್ಲಿ ವಯಸ್ಸಾದವರಿದ್ದರು, ಇಂಗ್ಲಿಷ್ ಅಷ್ಟಾಗಿ ಬಾರದವರಿದ್ದರು. "ನಿಮ್ಮ ಕೈಯಿಂದ ಒಂದು ಪೆನ್ನಿಯೂ ಹೋಗಲ್ಲ" ಅಂತ ಅವರಿಗೂ ಹೇಳಿದ್ದರು. ಪಾರ್ಲಿಮೆಂಟಿನಲ್ಲೂ ಈ ವಿಷಯ ಚರ್ಚೆಗೆ ಬಂತು. ಆ ಕೇಸಿಗೂ ಕಾರಿನ ಕೇಸಿಗೂ ವ್ಯತ್ಯಾಸಗಳಿವೆ, ಆದರೆ ಜನರನ್ನು ಒಳಗೆ ಎಳೆದುಕೊಂಡ ಮಾತು ಮಾತ್ರ ಒಂದೇ.

ಇನ್ನು ಗೆದ್ದರೆ? ಆಗಲೂ ಪೂರ್ತಿ ಹಣ ನಿಮಗೆ ಬರುವುದಿಲ್ಲ. ಇಂಥ ಕೇಸಿನಲ್ಲಿ ಬಂದ ಹಣದ ಪಾಲು ತೆಗೆದುಕೊಳ್ಳುವ ಕರಾರಾದರೆ, ವ್ಯಾಟ್ ಸೇರಿ ಶೇ. 50ರವರೆಗೆ ವಕೀಲರು ಕೇಳಬಹುದು. ಹೌದು, ಅರ್ಧ. ಎಟಿಇ ಪ್ರೀಮಿಯಂ ಆ ಅರ್ಧದೊಳಗೆ ಬರುತ್ತದೋ, ಅದರ ಮೇಲೆ ಬೇರೆ ಕತ್ತರಿಸುತ್ತಾರೋ ಅನ್ನೋದು ಕರಾರಿನಿಂದ ಕರಾರಿಗೆ ಬದಲಾಗುತ್ತದೆ. 2013ರ ಏಪ್ರಿಲ್‌ನಲ್ಲಿ ಕಾನೂನು ಬದಲಾದ ಮೇಲೆ ಆ ಪ್ರೀಮಿಯಮ್ಮನ್ನು ಸೋತ ಕಂಪನಿಯಿಂದ ವಸೂಲಿ ಮಾಡುವ ಹಾಗಿಲ್ಲ.

ಲೆಕ್ಕ ಹಾಕಿ ನೋಡಿ. ಫೋಕ್ಸ್‌ವ್ಯಾಗನ್ ಮೇಲಿನ ಇಂಗ್ಲೆಂಡಿನ ಗುಂಪು ದಾವೆಯಲ್ಲಿ 2020ರ ಏಪ್ರಿಲ್‌ನಲ್ಲಿ ಹೈಕೋರ್ಟು, ಕಾರಿನ ಸಾಫ್ಟ್‌ವೇರ್ ಪರೀಕ್ಷೆಯನ್ನು ವಂಚಿಸುವ ಸಾಧನವೇ ಹೌದು ಅಂತ ತೀರ್ಪು ಕೊಟ್ಟಿತು. ಆದರೆ ಮಾಲೀಕರಿಗೆ ಆದ ನಷ್ಟ ಎಷ್ಟು ಅಂತ ಕೋರ್ಟು ಹೇಳುವ ಮೊದಲೇ, 2022ರ ಮೇ ತಿಂಗಳಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಸುಮಾರು 91,000 ಜನಕ್ಕೆ 19.3 ಕೋಟಿ ಪೌಂಡ್, ತಪ್ಪು ಒಪ್ಪಿಕೊಳ್ಳದೆ. ತಲೆಗೆ ಸರಾಸರಿ 2,100 ಪೌಂಡ್ ಚಿಲ್ಲರೆ. ನಿಮಗೂ ಅಷ್ಟೇ ಬಂದು, ನಿಮ್ಮ ಕರಾರಿನಲ್ಲಿ ಅರ್ಧ ಅಂತಿದ್ದರೆ, ಉಳಿಯುವುದು ಸಾವಿರದ ಆಸುಪಾಸು, ಅದೂ ಪ್ರೀಮಿಯಂ ಬೇರೆ ಇಲ್ಲದಿದ್ದರೆ. ವರ್ಷಗಟ್ಟಲೆ ಕಾದ ಮೇಲೆ.

ನಿಮ್ಮ ಮರ್ಸಿಡಿಸ್ ಇರುವುದು ಅದರ ನಂತರದ ದಾವೆಯಲ್ಲಿ. ಅದರ ವಿಚಾರಣೆ ಲಂಡನ್ನಿನ ಹೈಕೋರ್ಟಿನಲ್ಲಿ 2025ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಮರ್ಸಿಡಿಸ್, ಫೋರ್ಡ್, ರೆನೋ, ನಿಸಾನ್, ಪ್ಯೂಜೋ-ಸಿಟ್ರೊಯೆನ್, ಈ ಐದು ಕಡೆಯ 20 ಮಾದರಿ ಕಾರುಗಳನ್ನು ಇಟ್ಟುಕೊಂಡು ವಾದ. ಇಂಥ ಎಲ್ಲ ದಾವೆಗಳ ಹಿಂದೆ ಸುಮಾರು 16 ಲಕ್ಷ ಜನ ಇದ್ದಾರೆ. ಕಂಪನಿಗಳು ಆರೋಪವನ್ನು ಒಪ್ಪಿಲ್ಲ. ಹೊಗೆ ಕಡಿಮೆ ಮಾಡುವ ವ್ಯವಸ್ಥೆ ಕೆಲವು ಉಷ್ಣಾಂಶಗಳಲ್ಲಿ ತಗ್ಗುವುದು ಎಂಜಿನ್ ಉಳಿಸೋದಕ್ಕೆ, ಮೋಸಕ್ಕಲ್ಲ ಅನ್ನುವುದು ಅವರ ವಾದ. ಕೋರ್ಟು ಮೊದಲು ನೋಡುವುದು ಆ ಸಾಧನ ಇತ್ತೋ ಇಲ್ಲವೋ ಅನ್ನುವುದನ್ನು. ದುಡ್ಡಿನ ಲೆಕ್ಕ ಆಮೇಲೆ. ಹಾಗಾಗಿ ಇಷ್ಟು ಬರುತ್ತೆ ಅಂತ ಈಗಲೇ ಹೇಳುವವರು ಯಾರೇ ಆಗಲಿ, ನಂಬಬೇಡಿ.

ಈಗ ಬೆಂಗಳೂರಿನ ವಿಷಯಕ್ಕೆ ಬರುತ್ತೇನೆ. ನನಗೆ ನಿಜವಾಗಿ ಚಿಂತೆಯಾದದ್ದು ಅದನ್ನು ಓದಿಯೇ. ನೀವು ಕಳಿಸಿದ ಕರಾರಿನ ಕೊನೆಯ ಪುಟಗಳಲ್ಲಿ ನಿಮ್ಮ ಜವಾಬ್ದಾರಿಗಳು ಅಂತ ಒಂದು ಭಾಗ ಇದೆ, ಸಣ್ಣ ಅಕ್ಷರದಲ್ಲಿ. ವಕೀಲರು ಅಲ್ಲಿ ಹೇಳಿರುವುದು ಹೀಗೆ: ವಿಳಾಸ ಬದಲಾದರೆ ತಿಳಿಸಬೇಕು. ನಾವು ಕೇಳಿದ ಮಾಹಿತಿಯನ್ನು ಹೇಳಿದ ಗಡುವಿನೊಳಗೆ ಕೊಡಬೇಕು. ನಾವು ಒಳ್ಳೆಯದು ಅಂದ ರಾಜಿಯನ್ನು ಬೇಡ ಅನ್ನಬಾರದು. ಇವುಗಳಲ್ಲಿ ಯಾವುದನ್ನು ಮುರಿದರೂ ನಾವು ಕರಾರು ಮುಗಿಸಬಹುದು, ಆಗ ಅಲ್ಲಿಯವರೆಗಿನ ಕೆಲಸಕ್ಕೆ ಗಂಟೆ ಲೆಕ್ಕದಲ್ಲಿ ಫೀಸು ಕೊಡಬೇಕು. ಅದರ ಕೆಳಗೇ ಇನ್ನೊಂದು ಸಾಲು: ಸಹಕರಿಸದವರಿಗೆ ಇನ್ಶೂರೆನ್ಸ್ ಸಿಗದೇ ಹೋಗಬಹುದು.

ಈಗ ಊಹಿಸಿಕೊಳ್ಳಿ. ನೀವು ರೀಡಿಂಗ್‌ನ ಬಾಡಿಗೆ ಮನೆ ಖಾಲಿ ಮಾಡಿ, ಅಲ್ಲಿನ ಸಿಮ್ ಬಿಟ್ಟು, ಬನಶಂಕರಿಗೆ ಬಂದು ಸೆಟ್ಲ್ ಆಗಿರುತ್ತೀರಿ. ಕಾರಿನ ದಾಖಲೆ ಕೇಳಿ ಅವರು ಹಳೇ ವಿಳಾಸಕ್ಕೆ ಪತ್ರ ಹಾಕುತ್ತಾರೆ, ಹಳೇ ನಂಬರಿಗೆ ಮೆಸೇಜು, ಸ್ಪ್ಯಾಮ್ ಫೋಲ್ಡರಿಗೆ ಮೇಲು. ಉತ್ತರ ಇಲ್ಲ. ಅಲ್ಲಿಗೆ ನೀವು ಕರಾರು ಮುರಿದವರ ಪಟ್ಟಿಗೆ ಸೇರಿದಿರಿ. ನಮ್ಮ ಜನ ಇಂಗ್ಲೆಂಡಿನಲ್ಲಿ ಐದಾರು ವರ್ಷ ಇದ್ದು ಊರಿಗೆ ಮರಳುವುದು ಎಷ್ಟು ಸಾಮಾನ್ಯ ಅಲ್ವಾ? ಕಾರು ಮಾರುತ್ತಾರೆ, ಬ್ಯಾಂಕ್ ಖಾತೆ ಮುಚ್ಚುತ್ತಾರೆ, ಕೌನ್ಸಿಲ್ ಟ್ಯಾಕ್ಸ್ ತೀರಿಸುತ್ತಾರೆ. ಕ್ಲೇಮು ಮಾತ್ರ ಮರೆತೇಹೋಗಿರುತ್ತದೆ.

ಹಾಗಾದರೆ ಏನು ಮಾಡಬೇಕು? ಆನ್‌ಲೈನಿನಲ್ಲಿ ಸಹಿ ಹಾಕಿದ ಕರಾರನ್ನು 14 ದಿನದೊಳಗೆ ಕಾರಣ ಕೊಡದೆ ರದ್ದು ಮಾಡಬಹುದು. ಆ ಹಕ್ಕಿನ ಬಗ್ಗೆ ಅವರು ನಿಮಗೆ ತಿಳಿಸಿಯೇ ಇಲ್ಲದಿದ್ದರೆ ಅವಧಿ ಇನ್ನೂ ಉದ್ದ. ನಿಮ್ಮ 14 ದಿನ ಮುಗಿದಿದೆ, ಅವರು ತಿಳಿಸಿದ್ದಾರೆ ಕೂಡ, ಹಾಗಾಗಿ ಈಗ ಸಿಟ್ಟಿನಲ್ಲಿ ಬಿಟ್ಟು ಹೋಗಬೇಡಿ. ಬಿಟ್ಟರೆ ಎಷ್ಟು ಕಟ್ಟಬೇಕಾಗುತ್ತೆ ಅಂತ ಮೊದಲು ಬರವಣಿಗೆಯಲ್ಲಿ ಕೇಳಿ. ಉಳಿಯುವುದಾದರೆ ಬೆಂಗಳೂರಿನ ವಿಳಾಸ, ಭಾರತದ ಫೋನ್ ನಂಬರು, ಮುಚ್ಚದೇ ಇರುವ ಒಂದು ಇಮೇಲ್ ಕೊಟ್ಟು, ಸಿಕ್ಕಿತು ಅನ್ನುವ ಉತ್ತರವನ್ನು ಉಳಿಸಿಕೊಳ್ಳಿ. ಕಾರು ಕೊಂಡ ಬಿಲ್ಲು, ಫೈನಾನ್ಸ್ ಕಾಗದ, ವಿ5ಸಿ (ಕಾರಿನ ನೋಂದಣಿ ಪತ್ರ) ಪ್ರತಿ ಇದ್ದರೆ ಇವತ್ತೇ ಸ್ಕ್ಯಾನ್ ಮಾಡಿ.

ಇನ್ನೊಂದು, ನೀವು ಎಷ್ಟು ಕಡೆ ಕಾರಿನ ನಂಬರ್ ಹಾಕಿದ್ದೀರಿ? ನೆನಪು ಮಾಡಿಕೊಳ್ಳಿ. ಒಂದೇ ಕಾರಿಗೆ ಇಬ್ಬರು ವಕೀಲರ ಹತ್ತಿರ ಸಹಿ ಹಾಕಿದವರು ಎಷ್ಟೋ ಜನ. ಒಂದು ಕಡೆಯಿಂದ ಹೊರಬರಲೇಬೇಕು, ಹೊರಬರುವಾಗ ಅಲ್ಲಿ ಫೀಸು ಕೇಳಬಹುದು. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಸೇರಿರುವ ಮನೆಗಳೂ ಇವೆ. ದಯವಿಟ್ಟು ಮನೆಯಲ್ಲಿ ಕೂತು ಮಾತಾಡಿ.

ಈ ದಾವೆಯೇ ಬೇಡ ಅನ್ನುತ್ತಿದ್ದೇನೆ ಅಂತ ತಿಳಿಯಬೇಡಿ. ಯುರೋಪಿನ ಹೊಗೆ ನಿಯಮಗಳಲ್ಲಿ ಯೂರೋ 5 ಡೀಸೆಲ್ ಕಾರಿಗೆ ನೈಟ್ರೋಜನ್ ಆಕ್ಸೈಡಿನ ಮಿತಿ ಕಿಲೋಮೀಟರಿಗೆ 180 ಮಿಲಿಗ್ರಾಂ, ಯೂರೋ 6ಕ್ಕೆ 80. ಲ್ಯಾಬಿನಲ್ಲಿ ಆ ಮಿತಿಯೊಳಗೆ ಇದ್ದ ಎಷ್ಟೋ ಕಾರುಗಳು ರಸ್ತೆಯಲ್ಲಿ ಅದರ ಹಲವು ಪಟ್ಟು ಉಗುಳಿದವು. ಆ ಗಾಳಿಯನ್ನು ಕುಡಿದದ್ದು ರಸ್ತೆ ಬದಿಯ ಮಕ್ಕಳು. ಲಂಡನ್ನಿನ ಲೂಯಿಶಮ್‌ನಲ್ಲಿ 2013ರಲ್ಲಿ ತೀರಿಕೊಂಡ ಒಂಬತ್ತು ವರ್ಷದ ಹುಡುಗಿಯ ಸಾವಿಗೆ ವಾಯುಮಾಲಿನ್ಯವೂ ಕಾರಣ ಅಂತ 2020ರಲ್ಲಿ ಕೊರೋನರ್ (ಸಾವಿನ ಕಾರಣ ವಿಚಾರಿಸುವ ಅಧಿಕಾರಿ) ದಾಖಲಿಸಿದರು. ಈ ದಾವೆ ಆರೋಗ್ಯದ್ದಲ್ಲ, ಕಾರಿನ ಬೆಲೆಯದ್ದು. ಆದರೂ ಕಂಪನಿಗಳು ಕೋರ್ಟಿನಲ್ಲಿ ನಿಂತು ಉತ್ತರ ಕೊಡಲೇಬೇಕು, ಜನ ಸೇರಿದ್ದರಿಂದಲೇ ಅದು ಆಗುತ್ತಿದೆ. ಒಳ್ಳೆಯ ಕೇಸನ್ನು ಸಂತೆಯಲ್ಲಿ ಕೂಗಿ ಮಾರುವ ಸರಕಿನ ಹಾಗೆ ಮಾರುವವರ ಮೇಲೆ ನನ್ನ ಸಿಟ್ಟು.

ಇನ್ನು ಉಳಿದ ಪ್ರಶ್ನೆಗಳಿಗೆ ಚುಟುಕು ಉತ್ತರ.

ಕಾರು ಮಾರಿಬಿಟ್ಟಿದ್ದೇನೆ. ಅದೂ ಸೆಕೆಂಡ್ ಹ್ಯಾಂಡ್. ಆಗುತ್ತಾ?

ಎರಡೂ ಅಡ್ಡಿಯಲ್ಲ. ಆದರೆ ಕಾಲಮಿತಿ ಇದೆ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಆರು ವರ್ಷ. ಕಂಪನಿ ಬೇಕಂತಲೇ ಮುಚ್ಚಿಟ್ಟಿದ್ದರೆ ಅದು ಗೊತ್ತಾಗಬಹುದಾಗಿದ್ದ ದಿನದಿಂದ ಲೆಕ್ಕ. ಗುಂಪಿಗೆ ಸೇರಲು ಕೋರ್ಟು ಇಡುವ ಗಡುವು ಬೇರೆ, ಅದು ಕಂಪನಿಯಿಂದ ಕಂಪನಿಗೆ ಬೇರೆ. ಸ್ಕಾಟ್ಲೆಂಡಿನಲ್ಲಿ ಕಾರು ಕೊಂಡವರಿಗೆ ಅಲ್ಲಿಯದೇ ಕಾನೂನು, ಅಲ್ಲಿಯ ವಕೀಲರನ್ನೇ ಕೇಳಿ.

ತಲೆಗೆ 10,000 ಪೌಂಡ್ ಗ್ಯಾರಂಟಿ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಸುಳ್ಳು. ಆ ಲಿಂಕ್ ಒತ್ತಿ ಸೇರಿದವರ ಲೆಕ್ಕದಲ್ಲಿ ಕಳಿಸಿದವರಿಗೆ ಕಮಿಷನ್ ಸಿಗುವುದುಂಟು.

ನಮ್ಮ ಕನ್ನಡ ಬಳಗದ ಪರಿಚಯದವರೊಬ್ಬರು 99 ಪೌಂಡ್ ನೋಂದಣಿ ಫೀಸು ಕೇಳಿದ್ದಾರೆ. ಕೊಡಬಹುದಾ?

ಕೊಡಬೇಡಿ. ಪರಿಚಯ ಇರಲಿ, ಬಿಡಲಿ. ವಕೀಲರ ಹೆಸರು ಎಸ್‌ಆರ್‌ಎ (ವಕೀಲರ ನಿಯಂತ್ರಣ ಸಂಸ್ಥೆ) ಪಟ್ಟಿಯಲ್ಲಿ ಇರಬೇಕು. ಅದನ್ನು ಪುಕ್ಕಟೆ ನೋಡಬಹುದು.

ಕಾರ್ ಲೋನ್ ಕಮಿಷನ್ ಕ್ಲೇಮಿಗೂ ಇದಕ್ಕೂ ಒಂದೇ ಅರ್ಜಿ ಸಾಕಾ?

ಎರಡೂ ಬೇರೆ ಬೇರೆ. ಲೋನ್ ಕಮಿಷನ್ನಿಗೆ, ಅಂದರೆ ಸಾಲ ಮಾಡಿಸಿದ ಡೀಲರಿಗೆ ಗುಟ್ಟಾಗಿ ಹೋದ ಕಮಿಷನ್ನಿಗೆ, ಸಾಲ ಕೊಟ್ಟ ಕಂಪನಿಗೆ ನೀವೇ ಪುಕ್ಕಟೆ ದೂರು ಕೊಡಬಹುದು, ವಕೀಲರೂ ಬೇಡ, ಕ್ಲೇಮ್ ಕಂಪನಿಯೂ ಬೇಡ. ಹಣಕಾಸು ಕಂಪನಿಗಳ ನಿಯಂತ್ರಣ ಸಂಸ್ಥೆ ಎಫ್‌ಸಿಎ ಕೂಡ ಅದನ್ನೇ ಹೇಳುತ್ತಿದೆ. ಒಂದು ಫಾರಂ ತುಂಬಿಸಿ ಎರಡಕ್ಕೂ ಸಹಿ ಹಾಕಿಸಿಕೊಳ್ಳುವವರಿದ್ದಾರೆ, ಹುಷಾರು.

ಗ್ಯಾರೇಜಿನವರು ಫಿಲ್ಟರ್ ತೆಗೆದು ಸಾಫ್ಟ್‌ವೇರ್ ಬದಲಿಸಿದರೆ ಸಮಸ್ಯೆಯೇ ಇರಲ್ಲ ಅಂತಾರೆ.

ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತೆಗೆದ ಕಾರು ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆ ಪಾಸಾಗುವುದಿಲ್ಲ, ಅದನ್ನು ರಸ್ತೆಯಲ್ಲಿ ಓಡಿಸುವುದು ಕಾನೂನಿಗೆ ವಿರುದ್ಧ. ಅಂಥ ಗ್ಯಾರೇಜಿಗೆ ಮತ್ತೆ ಹೋಗಬೇಡಿ.

ಕೇಸಿಗೆ ಸೇರಿದರೆ ಐಎಲ್‌ಆರ್‌ಗೆ (ಬ್ರಿಟನ್ನಿನಲ್ಲಿ ಕಾಯಂ ನೆಲೆಸುವ ಅನುಮತಿಗೆ) ತೊಂದರೆ ಆಗುತ್ತಾ?

ಇಲ್ಲ. ಇದು ನೀವು ಹೂಡುವ ಸಿವಿಲ್ ದಾವೆ, ನಿಮ್ಮ ಮೇಲಿನ ಕ್ರಿಮಿನಲ್ ಕೇಸಲ್ಲ.

ಬೆಂಗಳೂರಿನಲ್ಲೇ ಕೊಂಡ 2013ರ ಡೀಸೆಲ್ ಪೋಲೋ ನನ್ನದು. ಲಂಡನ್ ಕೇಸಿಗೆ ಸೇರಿಸುತ್ತೇವೆ, ಐದು ಸಾವಿರ ರೂಪಾಯಿ ಕಳಿಸಿ ಅಂತ ಫೋನ್ ಬಂದಿತ್ತು.

ಇಲ್ಲಿ ಕೊಂಡ ಕಾರಿಗೆ ಆ ದಾವೆ ಅಲ್ಲವೇ ಅಲ್ಲ, ಮೇಲಾಗಿ ಫೋಕ್ಸ್‌ವ್ಯಾಗನ್ನಿನದು 2022ರಲ್ಲೇ ರಾಜಿಯಾಗಿದೆ. ಭಾರತದಲ್ಲಿ ಗೆದ್ದರೆ ಪಾಲು ಅನ್ನುವ ಕರಾರು ಮಾಡಿಕೊಳ್ಳಲು ಬಾರ್ ಕೌನ್ಸಿಲ್ ನಿಯಮ ವಕೀಲರಿಗೆ ಬಿಡುವುದಿಲ್ಲ. ಇಲ್ಲಿ ಕಂಪನಿ 2015ರ ಕೊನೆಗೆ 3.23 ಲಕ್ಷ ಕಾರುಗಳನ್ನು ಸರಿಪಡಿಸಲು ವಾಪಸ್ ಕರೆಯುವುದಾಗಿ ಹೇಳಿತು. 2019ರ ಮಾರ್ಚ್‌ನಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ವಸೂಲಿಗೆ ಬಲವಂತ ಮಾಡದಂತೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಆ ದಂಡ ಪರಿಸರದ ಹಾನಿಗೆ, ಕಾರು ಮಾಲೀಕರಿಗೆ ಹಂಚಲು ಅಲ್ಲ. ಒಂದೇ ತೊಂದರೆ ಇರುವ ಹಲವರು ಸೇರಿ ಗ್ರಾಹಕ ಆಯೋಗಕ್ಕೆ ಹೋಗಲು 2019ರ ಕಾಯ್ದೆಯಲ್ಲಿ ದಾರಿ ಇದೆ, ಆದರೆ ಗಡುವು ಎರಡು ವರ್ಷ, ತಡವಾದದ್ದಕ್ಕೆ ಗಟ್ಟಿ ಕಾರಣ ಕೊಡಬೇಕು. ಫೋನ್ ಮಾಡಿದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿಯಾಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ.